ಪದ್ಮಿನಿಗೆ ತೊಡಿಸಿದ ಬಳೆ

ಯಾರಾದರೂ ಎದುರಿಗೆ ಬಂದರೆ ಮೊದಲು ಅವರ ಮುಖ ನೋಡುವುದು ಲೋಕದ ಮರ್ಯಾದೆ. ನನಗೆ ಅದು ಯಾಕೋ ಒಗ್ಗಿ ಬರಲಿಲ್ಲ. ಕೆ.ಆರ್. ಪೇಟೆಯಲ್ಲಿ ಅಕ್ಕಸಾಲಿಯ ಅಂಗಡಿ ಇಟ್ಟುಕೊಂಡವನು ನಾನು. ಎದುರಿಗೆ ಬಂದವರ ಕಿವಿ, ಮೂಗು, ಕತ್ತು, ಮಣಿಕಟ್ಟಿನ ಮೇಲೆ ನನ್ನ ಕಣ್ಣು ತಾನಾಗಿ ಹೋಗಿ ಕೂರುತ್ತದೆ. ಒಮ್ಮೆ ಸಂತೆಯಲ್ಲಿ ಒಬ್ಬ ಹೆಂಗಸು, ‘ಯಾಕ್ ಆಚಾರ್ರೇ, ನನ್ನ ಗುರ್ತು ಸಿಗ್ನಿಲ್ವಾ?’ ಎಂದು ಕೇಳಿದಾಗ ಅವರ ಮುಖ ನೋಡಿ ತಬ್ಬಿಬ್ಬಾಗಿ ನಿಂತೆ. ಆಕೆ ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದ್ದೇ ತಡ, ‘ಓಹೋ, ಹೊಸಹೊಳಲಿನ ಜಯಮ್ಮನೋರು! ಈ ಬಳೆ ಬೆಸ್ದೋನು ನಾನೇ ಅಲ್ವಾ’ ಎಂದೆ. ಮನುಷ್ಯರ ವಿಷಯದಲ್ಲಿ ಹೀಗಾದರೆ, ಕಾರುಗಳ ವಿಷಯದಲ್ಲಿ ನಾನು ನೋಡುವುದು ಕಾಲನ್ನು. ಅಂದರೆ ಚಕ್ರವನ್ನು. ಕಾರಿನ ಬಣ್ಣ, ಒಳಗೆ ಕೂತವರ ಅಂತಸ್ತು ಯಾವುದೂ ನನ್ನ ತಲೆಗೆ ಹೋಗುವುದಿಲ್ಲ. ಅಕ್ಕನ ಮಗಳಿಗೆ ಗಂಡು ನೋಡಲು ಹೋಗಿ ಬಂದಾಗ ಮನೆಯವರೆಲ್ಲ ಹುಡುಗ ಹೇಗೆ ಎಂದು ಕೇಳಿದರು. ‘ಟೈರು ಸವೆದಿದೆ, ಆದರೆ ನಾಲ್ಕೂ ಒಂದೇ ಸಮ ಸವೆದಿದೆ, ತಾಳ್ಮೆಯ ಹುಡುಗ’ ಎಂದು ವರದಿ ಕೊಟ್ಟೆ. ಎಲ್ಲರೂ ನಕ್ಕರು. ಮದುವೆಯಾಯಿತು. ಹುಡುಗ ತಾಳ್ಮೆಯವನೇ.

ಇಂಥ ನನಗೆ ಒಂದು ಕಾರಿದೆ. ಹಳೆಯ ಪದ್ಮಿನಿ. ಪಾಂಡವಪುರದ ನಿವೃತ್ತ ಮೇಷ್ಟರೊಬ್ಬರ ಮನೆಯ ಪಕ್ಕದಲ್ಲಿ ಹುಣಿಸೆ ಮರದ ಕೆಳಗೆ, ಒಳಗೆ ಕೋಳಿ ಮೊಟ್ಟೆಯಿಟ್ಟುಕೊಂಡು ನಿಂತಿದ್ದದ್ದನ್ನು ಬಿಡಿಸಿಕೊಂಡು ಬಂದೆ. ಈ ಕಾಲದ ಕಾರುಗಳನ್ನು ಬಹುಮಟ್ಟಿಗೆ ಮುಂದಿನ ಚಕ್ರಗಳೇ ಎಳೆದುಕೊಂಡು ಹೋಗುತ್ತವೆ. ಪದ್ಮಿನಿಯ ಕಟ್ಟಳೆ ಬೇರೆ. ಎಂಜಿನ್ನು ಮುಂದೆ ಕೂತು ಸದ್ದು ಮಾಡುತ್ತದೆ; ಗಾಡಿಯನ್ನು ತಳ್ಳುವವು ಹಿಂದಿನ ಚಕ್ರಗಳು. ಇದನ್ನು ನನ್ನ ಹೆಂಡತಿ ಗಿರಿಜಳಿಗೆ ಬಿಡಿಸಿ ಹೇಳಿದಾಗ ಅವಳು, ‘ನಮ್ಮನೇಲೂ ಅಂಗೇ ಅಲ್ವಾ’ ಎಂದು ಒಳಗೆ ಹೋದಳು. ಶ್ರೀರಂಗಪಟ್ಟಣದಲ್ಲಿ ಕೋಟೆ ಗೋಡೆಯ ಹತ್ತಿರ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ಸ್ನೇಹಿತ ಇಲಿಯಾಸ್ ಅದಕ್ಕೆ ಬೇರೆ ಎಂಜಿನ್ನು ಕೂರಿಸಿದ, ಹೊಸ ಬ್ರೇಕು ಹಾಕಿದ, ಮೈಯನ್ನು ಒಂದು ಗೇಣು ನೆಲಕ್ಕೆ ಇಳಿಸಿದ. ಸಂಬಂಧಪಟ್ಟವರ ಒಪ್ಪಿಗೆಯೂ ಸಿಕ್ಕಿತು. ಕಡುಹಸಿರು ಬಣ್ಣ ಬಳಿದು ನಿಲ್ಲಿಸಿದಾಗ ಪದ್ಮಿನಿ ಮದುಮಗಳಂತೆ ಕಂಡಳು, ಕಾಲಿನ ತನಕ. ಕಾಲಲ್ಲಿ ಮಾತ್ರ ಅದೇ ಹಳೆಯ ಸಣಕಲು ಕಬ್ಬಿಣದ ಚಕ್ರಗಳು. ಪಟ್ಟೆ ಸೀರೆ ಉಟ್ಟವಳಿಗೆ ಬಚ್ಚಲುಮನೆಯ ಹವಾಯಿ ಚಪ್ಪಲಿ ತೊಡಿಸಿದ ಹಾಗಿತ್ತು.

ಹೀಗಾಗಿ ಮೈಸೂರಿನ ಒಂದು ಅಂಗಡಿಯಲ್ಲಿ ಗಾಜಿನ ಹಿಂದೆ ಥಳಥಳ ಹೊಳೆಯುತ್ತಿದ್ದ ನಾಲ್ಕು ಅಲಾಯ್ ಚಕ್ರಗಳು ಕಂಡಾಗ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕಬ್ಬಿಣದ ಚಕ್ರಕ್ಕಿಂತ ಅಗಲ, ಎಂಟು ಎಸಳಿನ ಕೆತ್ತನೆ, ಅಂಚಿಗೆ ಕನ್ನಡಿಯ ಹೊಳಪು. ಗೋವಿಂದನಹಳ್ಳಿಯ ಹಳೇ ಗುಡಿಯ ಕೆತ್ತನೆಯ ಕಂಬ ಮುಟ್ಟಿ ನೋಡುವ ಹಾಗೆ ಮುಟ್ಟಿ ನೋಡಿದೆ. ಮನೆಗೆ ತಂದು ನಡುಮನೆಯಲ್ಲಿ ಸಾಲಾಗಿ ಜೋಡಿಸಿದೆ. ಗಿರಿಜ ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಏನ್ರೀ ಇದು? ಚಕ್ರಕ್ಕೆ ಯಾರಾದ್ರೂ ಇಷ್ಟೊಂದ್ ಕುಸುರಿ ಮಾಡ್ಸವ್ರಾ? ಸಗಣಿ ಮೇಲೆ ಓಡ್ಸಕ್ಕೆ?’ ಎಂದಳು. ‘ಓಡುವಾಗ ಕಾಣಕ್ಕಿಲ್ಲ ಕಣೇ, ನಿಂತಾಗ ಕಾಣ್ತದೆ’ ಎಂದೆ. ‘ನಿಮ್ ಕಾರು ನಿಂತಿರೋದೇ ಜಾಸ್ತಿ ಬುಡಿ, ಕಾಣ್ತದೆ’ ಎಂದಳು. ಮಾತಿನಲ್ಲಿ ಅವಳನ್ನು ಗೆದ್ದ ನೆನಪು ನನಗಿಲ್ಲ.

ಚಕ್ರ ತೊಡಿಸುವುದೆಂದರೆ ಹಳೆಯದು ಬಿಚ್ಚಿ ಹೊಸದು ತಿರುಗಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ಇಲಿಯಾಸ್ ಜಾಕು ಕೊಟ್ಟು, ಬೋಲ್ಟಿನ ತೂತುಗಳನ್ನು ಹೊಂದಿಸಿ ನೋಡಿ, ‘ನಸೀಬು ಚೆನ್ನಾಗೈತೆ ಆಚಾರ್ರೇ, ಬೋಲ್ಟೆಲ್ಲಾ ಬರಾಬರ್ ಕೂತ್ಕಂತು’ ಎಂದ. ಆದರೆ ಹಿಂದಿನ ಚಕ್ರ ಅಗಲವಾದದ್ದರಿಂದ ಹಿಂದಿನ ಸೀಟಿನಲ್ಲಿ ಭಾರ ಬಿದ್ದರೆ ಟೈರು ಮಡ್‌ಗಾರ್ಡಿನ ಒಳ ಅಂಚಿಗೆ ತಾಗಬಹುದೆಂಬ ಅನುಮಾನ ಅವನಿಗೆ. ಭಾರ ಎಲ್ಲಿಂದ ತರುವುದು? ಪಕ್ಕದ ಚಾ ಅಂಗಡಿಯ ಬೆಂಚಿನ ಮೇಲೆ ಮೂವರು ಧಡೂತಿ ಆಸಾಮಿಗಳು ಕೂತಿದ್ದರು. ‘ಅಣ್ಣಾ, ಒಸಿ ಬಂದು ಹಿಂದ್ಗಡೆ ಕೂತ್ಕಳಿ’ ಎಂದು ಅವರನ್ನು ಕರೆದು ತುಂಬಿದ. ತಾನು ಕೆಳಗೆ ಮಲಗಿ, ‘ಆಂ, ಈಗ ಕುಣೀರಿ’ ಎಂದ. ಅವರು ಕುಣಿದರು. ಟೈರು ಕರ್ರ್ ಎಂದಿತು. ಇಲಿಯಾಸ್ ಅಂಚನ್ನು ಸುತ್ತಿಗೆಯಿಂದ ಬಡಿದು ಒಳಕ್ಕೆ ಮಡಿಸಿದ. ಮತ್ತೆ ಕುಣಿಸಿದ. ಮತ್ತೆ ಬಡಿದ. ಕೊನೆಗೆ ಸದ್ದು ನಿಂತಾಗ ಆ ಮೂವರಿಗೂ ಕಾರಿನ ಮೇಲೆ ಹಕ್ಕು ಬಂದುಬಿಟ್ಟಿತ್ತು. ‘ಇಷ್ಟೊತ್ತು ಕುಣ್ಸಿ ಅಂಗೇ ಇಳ್ಸೀರಾ? ಒಂದ್ ರೌಂಡ್ ಒಡೀರಿ’ ಎಂದು ಪಟ್ಟು ಹಿಡಿದರು. ಕೋಟೆ ಬಾಗಿಲ ತನಕ ಕರೆದುಕೊಂಡು ಹೋಗಿ ತಂದು ಬಿಟ್ಟ ಮೇಲೆಯೇ ಇಳಿದರು. ಇಳಿದವರಲ್ಲಿ ಒಬ್ಬ ಹಿಂದೆ ಸರಿದು ನಿಂತು ಚಕ್ರಗಳನ್ನು ದಿಟ್ಟಿಸಿ, ‘ಯಾವೂರ್ ಗಾಡಿ ಕಣ್ಲಾ ಇದು, ಇಂಗದೆ!’ ಎಂದ. ಆ ಬೆರಗಿನ ‘ಇಂಗದೆ’ಯನ್ನು ಕಿವಿಯಲ್ಲಿಟ್ಟುಕೊಂಡು ನಾನು ಪಾಂಡವಪುರದ ಮೇಲೆ ಊರಿಗೆ ಬಂದೆ. ನಾಲೆ ಏರಿಯ ಮೇಲೆ ಕಬ್ಬಿನ ಟ್ರಾಕ್ಟರಿನವನೊಬ್ಬ ತನ್ನ ದಾರಿ ಬಿಟ್ಟು ನನ್ನ ಚಕ್ರ ನೋಡಿದ. ನಾನು ಬೇಕೆಂದೇ ನಿಧಾನ ಮಾಡಿದೆ.

ನಿಧಾನ ಮಾಡಿದ್ದೇ ತಪ್ಪಾಯಿತು ಎಂದು ಆಮೇಲೆ ತಿಳಿಯಿತು. ಜೋರಾಗಿ ಓಡಿಸಿದ್ದರೆ ಕಾಯಿಲೆ ಅಂದೇ ಗೊತ್ತಾಗುತ್ತಿತ್ತು. ಆ ವಾರ ನಾಗಮಂಗಲದಲ್ಲಿ ಗಿರಿಜಳ ತಮ್ಮ ನಂಜುಂಡ ಬಾಗಿಲು ಕಿಟಕಿಗಳ ಹೊಸ ಅಂಗಡಿ ತೆರೆಯುವವನಿದ್ದ. ಅವರದು ಮರಗೆಲಸದ ಮನೆತನ. ಪೂಜೆಯ ದಿನ ಊಟಕ್ಕೆಂದು ಗಿರಿಜ ಒಂದು ದೊಡ್ಡ ತಪ್ಪಲೆಯ ತುಂಬ ಎಮ್ಮೆ ಮೊಸರು ಹೆಪ್ಪು ಹಾಕಿ, ಬಾಯಿಗೆ ಬಾಳೆಲೆ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಊರು ದಾಟಿ ರಸ್ತೆ ಹಸನಾಯಿತು. ನಾನು ವೇಗ ಏರಿಸಿದೆ. ಏರಿಸಿದ ಹಾಗೆ ಸ್ಟೀರಿಂಗು ಮೆಲ್ಲಗೆ ನಡುಗತೊಡಗಿತು. ನಡುಕ ಕೈಗೆ ಬಂತು, ಕೈಯಿಂದ ಹಲ್ಲಿಗೆ ಬಂತು. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಂಡಿತು. ‘ಏಏನ್ರೀ ಇಇದು’ ಎಂದು ಗಿರಿಜ ಕೇಳಿದಳು. ‘ರೋರೋಡು ಸರಿಯಿಲ್ಲ’ ಎಂದೆ. ರೋಡು ಚೆನ್ನಾಗಿತ್ತು.

ನಾಗಮಂಗಲ ಮುಟ್ಟಿದಾಗ ಅಂಗಡಿಯ ಮುಂದೆ ಚಪ್ಪರ, ನೆಂಟರು, ಊರವರು ಎಲ್ಲ ಸೇರಿದ್ದರು. ಪದ್ಮಿನಿ ಬಂದು ನಿಂತ ಠೀವಿಗೆ ಎಲ್ಲರೂ ಎದ್ದು ಬಂದರು. ನನ್ನ ಎದೆ ಉಬ್ಬಿತು. ಅತ್ತೆ ಬಂದು ‘ಬನ್ನಿ ಅಳಿಯಂದ್ರೇ’ ಎಂದು ಮಗಳ ಕೈಯಿಂದ ತಪ್ಪಲೆ ಇಸಿದುಕೊಂಡು ಬಾಳೆಲೆ ಬಿಚ್ಚಿದರು. ಮೊಸರು ಇರಲಿಲ್ಲ. ನೀರು ಮಜ್ಜಿಗೆಯ ಮೇಲೆ ಬೆಣ್ಣೆಯ ಉಂಡೆಗಳು ತೇಲುತ್ತಿದ್ದವು. ನಂಜುಂಡ ಇಣುಕಿ ನೋಡಿ, ಇಡೀ ಚಪ್ಪರಕ್ಕೆ ಕೇಳುವ ಹಾಗೆ, ‘ಭಾವ, ಇದೇನ್ ಕಾರಾ, ಇಲ್ಲಾ ಮಜ್ಜಿಗೆ ಕಡಿಯೋ ಮಿಷನ್ನಾ? ಅಕ್ಕಂಗೆ ಕಡೆಗೋಲಿನ್ ಕೆಲ್ಸ ತಪ್ತು ಬುಡಿ!’ ಎಂದ. ನಗು ಚಪ್ಪರ ಹಾರಿಸಿತು. ನಾನೂ ನಕ್ಕೆ. ನಗದೆ ಏನು ಮಾಡುವುದು? ಗಿರಿಜ ಮಾತ್ರ ನಗಲಿಲ್ಲ. ತವರಿನ ಮಂದಿಯ ಮುಂದೆ ಗಂಡನ ಮೇಲೆ ನಗೆ ಬಿದ್ದದ್ದು ಅವಳಿಗೆ ಹಿಡಿಸಲಿಲ್ಲ. ಆ ಸಿಟ್ಟನ್ನು ತಮ್ಮನ ಮೇಲೆ ತೋರಿಸಲಾರದೆ ಪದ್ಮಿನಿಯ ಮೇಲೆ ತಿರುಗಿಸಿದಳು. ‘ಆ ಚಕ್ರ ಬಿಚ್ಚೋಗಂಟ ಅದ್ರೊಳಿಕ್ಕೆ ನಾನ್ ಕಾಲಿಡಕ್ಕಿಲ್ಲ’ ಎಂದು ಹೇಳಿ ಸಂಜೆ ಬಸ್ಸಿನಲ್ಲಿ ಬಂದಳು. ನಾನು ಬಸ್ಸಿನ ಹಿಂದೆ ಕಾರಿನಲ್ಲಿ ಬಂದೆ. ಅವಳು ಹಿಂದಿನ ಕಿಟಕಿಯ ಪಕ್ಕ ಕೂತಿದ್ದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ಅಷ್ಟು ಚೆಂದದ ಚಕ್ರ ಇಟ್ಟುಕೊಂಡು ಅಷ್ಟು ಸಪ್ಪಗೆ ನಾನು ಯಾವತ್ತೂ ಕಾರು ಓಡಿಸಿರಲಿಲ್ಲ.

ಮಾರನೆಯ ದಿನವೇ ಶ್ರೀರಂಗಪಟ್ಟಣ. ಇಲಿಯಾಸ್ ಮೊದಲು ತೂಕ ಸಮ ಮಾಡಿಸಿದ. ಚಕ್ರವನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ಹಗುರವಿದ್ದ ಕಡೆ ಸೀಸದ ಪುಟ್ಟ ತುಂಡುಗಳನ್ನು ಅಂಟಿಸಿದರು. ಗುಲಗಂಜಿ ತೂಕದಲ್ಲಿ ಬದುಕುವ ನನಗೆ ಅದನ್ನು ನೋಡಿ ಸಂತೋಷವೇ ಆಯಿತು. ಕಾರು ಮಾತ್ರ ನಡುಗುವುದನ್ನು ಬಿಡಲಿಲ್ಲ. ಕೊನೆಗೆ ಇಲಿಯಾಸ್ ಚಕ್ರ ಕಳಚಿ, ಮಂಡಿಯೂರಿ, ಬಹಳ ಹೊತ್ತು ನೋಡಿ, ‘ಸಿಕ್ತು’ ಎಂದ. ಚಕ್ರ ಕೂರುವ ಜಾಗದ ನಡುವೆ ಒಂದು ಗುಂಡನೆಯ ಗುಬುಟು ಇರುತ್ತದೆ, ಹಬ್ ಅನ್ನುತ್ತಾರೆ. ಹಳೆಯ ಚಕ್ರದ ನಡುವಿನ ತೂತು ಅದರ ಮೇಲೆ ಬಿಗಿಯಾಗಿ ಕೂರುತ್ತಿತ್ತು. ಹೊಸ ಚಕ್ರವನ್ನು ಹತ್ತಾರು ಬಗೆಯ ಕಾರುಗಳಿಗೆ ಆಗಲಿ ಎಂದು ಮಾಡಿರುವುದರಿಂದ ಅದರ ನಡುವಿನ ತೂತು ದೊಡ್ಡದು. ‘ಭಾರ ಎಲ್ಲಾ ಬೋಲ್ಟ್ ಮೇಲೆ ನೇತಾಡ್ತಾ ಐತೆ ಆಚಾರ್ರೇ. ಒಂದ್ ನೂಲಷ್ಟು ಆ ಕಡೆ ಈ ಕಡೆ ಆದ್ರೂ ಸ್ಪೀಡಲ್ಲಿ ಡ್ಯಾನ್ಸೇ. ಇಂಗೇ ಓಡ್ಸಿದ್ರೆ ಒಂದ್ ದಿನ ಬೋಲ್ಟ್ ಸಡಿಲ ಆಗಿ ಚಕ್ರ ಒಂದ್ ದಾರಿ, ನೀವೊಂದ್ ದಾರಿ. ನನ್ ಮಾತ್ ಕೇಳಿ, ಹಳೇ ಚಕ್ರ ಹಾಕ್ಬಿಡ್ತೀನಿ’ ಎಂದ.

ಹಳೇ ಚಕ್ರ! ಕೆ.ಆರ್. ಪೇಟೆಯ ಬೀದಿಯೆಲ್ಲ ನೋಡಿ ಹೊಗಳಿದ ಮೇಲೆ, ನಂಜುಂಡ ಚಪ್ಪರದಲ್ಲಿ ನಕ್ಕ ಮೇಲೆ, ಮತ್ತೆ ಹವಾಯಿ ಚಪ್ಪಲಿ! ‘ಬೇರೆ ದಾರಿನೇ ಇಲ್ವೇನೋ ಇಲಿಯಾಸೂ?’ ಎಂದು ಗೋಗರೆದೆ. ‘ಐತೆ. ಹಬ್ಬಿಗೂ ಚಕ್ರಕ್ಕೂ ಮಧ್ಯ ಒಂದ್ ರಿಂಗ್ ಬರ್ತದೆ. ಹೊಸಾ ಗಾಡಿಗೆಲ್ಲಾ ರೆಡಿ ಸಿಗ್ತದೆ. ಈ ಮುದುಕಿ ಅಳ್ತೆಗೆ ನಾನೆಲ್ಲೂ ಕಂಡಿಲ್ಲ’ ಎಂದ. ‘ಎಂಗಿರ್ತದೆ ಅದು?’ ಎಂದೆ. ಅವನು ಗ್ರೀಸು ಮೆತ್ತಿದ ಬೆರಳುಗಳಿಂದ ತನ್ನ ಮಣಿಕಟ್ಟು ಸುತ್ತಿ ತೋರಿಸಿದ. ‘ದಪ್ಪ ಬಳೆ ಮಾಫಿಕ್. ಕಡಗ.’

ಆ ಮಾತು ಕೇಳಿ ನನ್ನ ಮೈಯಲ್ಲಿ ಏನೋ ಎದ್ದು ಕೂತಿತು. ಮೂರು ತಲೆಮಾರಿನಿಂದ ನಮ್ಮ ಮನೆಯವರು ತಿಂದ ಅನ್ನವೇ ಬಳೆ ಕಡಗದ್ದು. ಎಂಜಿನ್ನು, ಬ್ರೇಕು, ಬಣ್ಣ ಎಲ್ಲಕ್ಕೂ ಬೇರೆಯವರ ಕೈ ಕಾದು ನಿಂತ ಕಾರು ಕೊನೆಗೆ ನನ್ನ ಅಂಗಡಿಯ ಬಾಗಿಲಿಗೇ ಬಂದಿತ್ತು. ‘ಲೇ ಇಲಿಯಾಸು, ನಾನ್ಯಾರ್ಲಾ?’ ಎಂದೆ. ಅವನು ಒಂದು ಕ್ಷಣ ನೋಡಿ ಹೋ ಎಂದು ನಕ್ಕ. ನನ್ನ ಚೀಲದಲ್ಲಿ ಯಾವಾಗಲೂ ಅಳತೆ ಬಳೆಗಳ ಗೊಂಚಲು ಇರುತ್ತದೆ. ಹೆಂಗಸರ ಕೈಗೆ ಒಂದೊಂದಾಗಿ ಹಾಕಿ ನೋಡಿ ಅಳತೆ ಹಿಡಿಯುವುದಕ್ಕೆ. ಅದನ್ನು ತೆಗೆದು ಹಬ್ಬಿನ ಮೇಲೆ ಒಂದೊಂದಾಗಿ ಇಟ್ಟೆ. ಒಂದು ಸಡಿಲವಾಯಿತು, ಒಂದು ಏರಲಿಲ್ಲ, ಮುಂದಿನದು ಮೆತ್ತಗೆ ಜಾರಿ ಹೋಗಿ ಅಲುಗಾಡದೆ ಕೂತಿತು. ಆ ಬಳೆಯ ಅಳತೆಯನ್ನು ಎರಡು ಸಲ ನೋಡಿದೆ. ಅದು ಗಿರಿಜಳ ಕೈ ಅಳತೆ. ಇಲಿಯಾಸನಿಗೆ ಹೇಳಲಿಲ್ಲ.

ಪದ್ಮಿನಿಯನ್ನು ಅಲ್ಲೇ ಜಾಕಿನ ಮೇಲೆ ಬಿಟ್ಟು ಬಂದೆ. ಅಂಗಡಿಯಲ್ಲಿ ಹಿತ್ತಾಳೆಯ ದಪ್ಪ ಪಟ್ಟಿ ಕಾಯಿಸಿ, ಬಗ್ಗಿಸಿ, ಬಾಯಿ ಕೂಡಿಸಿ ಬೆಸೆದೆ. ಒಳಸುತ್ತು ಹಬ್ಬಿನ ಅಳತೆಗೆ, ಹೊರಸುತ್ತು ಚಕ್ರದ ತೂತಿನ ಅಳತೆಗೆ ಬರುವ ತನಕ ಅರ ಹಾಕಿದೆ. ಬಳೆಯೆಂದರೆ ಕೈಯಲ್ಲಿ ಸ್ವಲ್ಪ ಆಡಬೇಕು, ಗಲಗಲ ಅನ್ನಬೇಕು. ಇದು ಆಡಲೇಬಾರದ ಬಳೆ. ಇಂಥದ್ದನ್ನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಎರಡು ಸಲ ಅರ ಹೆಚ್ಚಾಗಿ ಕೆಟ್ಟುಹೋಯಿತು, ಕರಗಿಸಿ ಮತ್ತೆ ಕೂತೆ. ಮೂಗುಬಟ್ಟಿಗೆ ಬಂದ ಗಿರಾಕಿಗಳಿಗೆ ‘ನಾಳೆ ಬನ್ನಿ’ ಎಂದು ಸುಳ್ಳು ಹೇಳಿದೆ. ಅಕ್ಕಸಾಲಿ ಹೇಳುವ ‘ನಾಳೆ’ಯನ್ನು ಯಾರೂ ನಂಬುವುದಿಲ್ಲವಾದ್ದರಿಂದ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನಾಲ್ಕೂ ಮುಗಿದ ಮೇಲೆ ಹೊಳಪು ಕೊಡಲು ಮನೆಗೆ ತಂದೆ. ಚಕ್ರದೊಳಗೆ ಅಡಗಿ ಹೋಗುವ ವಸ್ತುವಿಗೆ ಹೊಳಪು ಯಾಕೆ ಎಂದು ಕೇಳಬೇಡಿ. ಹೊಳಪಿಲ್ಲದ ಬಳೆ ನನ್ನ ಕೈಯಿಂದ ಹೊರಗೆ ಹೋಗುವುದಿಲ್ಲ, ಅಷ್ಟೆ.

ಜಗಲಿಯ ಮೇಲೆ ಅವುಗಳನ್ನು ಸಾಲಾಗಿಟ್ಟು ಕೈ ತೊಳೆಯಲು ಒಳಗೆ ಹೋಗಿ ಬರುವಷ್ಟರಲ್ಲಿ ಗಿರಿಜ ಒಂದನ್ನು ಕೈಗೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸರಿಯಾಗಿ ಕೂತಿತ್ತು. ಕೂರದೆ ಏನು? ಅವಳ ಮುಖದಲ್ಲಿ ಬಸ್ಸು ಹತ್ತಿದ ದಿನದಿಂದ ಕಾಣದಿದ್ದ ಒಂದು ಕಳೆ ಇತ್ತು. ‘ದಪ್ಪ ಆಯ್ತು ಒಸಿ. ಆದ್ರೂ ಚೆಂದಾಗದೆ. ಯಾಕ್ರೀ, ಈಗ ನೆಪ್ಪಾಯ್ತಾ ನನ್ ಕೈ?’ ಎಂದಳು. ಆ ಹೊತ್ತಿಗೆ ಸುಳ್ಳು ಹೇಳುವ ಜಾಣತನ ನನಗಿದ್ದಿದ್ದರೆ ಇವತ್ತು ನಾನು ಪುರಸಭೆಯ ಮೆಂಬರಾಗಿರುತ್ತಿದ್ದೆ. ‘ಅದು... ಪದ್ಮಿನಿಗೆ’ ಎಂದೆ.

ಅವಳು ಕೈಯಿಂದ ಬಳೆ ತೆಗೆದಳು. ತಲೆಗೆ ಎಸೆಯುತ್ತಾಳೆ ಎಂದು ಬಾಗಿಲಿನ ಕಡೆಗೆ ಒಂದು ಹೆಜ್ಜೆ ಸರಿದೆ. ‘ನನ್ ಅಳ್ತೇನಾ ಅದುಕ್ಕೆ?’ ಎಂದಳು. ‘ಒಂದ್ ಕೂದ್ಲೂ ವ್ಯತ್ಯಾಸ ಇಲ್ಲ ಕಣೇ’ ಎಂದು ಹಬ್ಬಿನ ಕಥೆಯನ್ನೂ ಇಲಿಯಾಸ್ ಹೇಳಿದ್ದನ್ನೂ ಒಂದೇ ಉಸಿರಿಗೆ ಒದರಿದೆ. ಅವಳು ಕೇಳಿದಳು. ನಡುಮನೆಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಕೆಂಪು ಗಾರೆಯ ನೆಲದ ಮೇಲೆ ಬಳೆಯನ್ನು ಬೆರಳಿನಿಂದ ತಳ್ಳಿ ಉರುಳಿಸಿದಳು. ಅದು ನೆಟ್ಟಗೆ ಹೋಗಿ ಹೊಸಿಲಿಗೆ ಬಡಿದು ನಿಂತಿತು. ಎರಡನೆಯದೂ ಹಾಗೆಯೇ. ಮೂರನೆಯದೂ. ನಾಲ್ಕನೆಯದು ಅರ್ಧ ದಾರಿಯಲ್ಲಿ ಅಡ್ಡಲಾಗಿ ವಾಲಿ, ಹೆಂಡ ಕುಡಿದವನ ಹಾಗೆ ಸುತ್ತಿ, ಬೀರುವಿನ ಕೆಳಗೆ ಹೋಗಿ ಬಿತ್ತು. ‘ಇದು ಸೊಟ್ಟ’ ಎಂದಳು. ನನ್ನ ಕೆಲಸಕ್ಕೆ ಸೊಟ್ಟ ಅನ್ನುವುದೇ? ಬೀರುವಿನ ಕೆಳಗಿಂದ ಎಳೆದು ತಂದು ಅಳತೆ ಹಿಡಿದೆ. ಸೊಟ್ಟವೇ. ಬೆಸೆದ ಕಡೆ ಒಂದು ಎಳೆಯಷ್ಟು ಉಬ್ಬು. ‘ಚಿಕ್ಕೋಳಿದ್ದಾಗ ಅಪ್ಪನ್ ತಾವ ಗಾಡಿ ಚಕ್ರದ ಕೆಲ್ಸ ಬತ್ತಿದ್ದಾಗ ಅವ್ರು ಇಂಗೇ ಉರುಳ್ಸಿ ನೋಡವ್ರು’ ಎಂದು ಹೇಳಿ ಎದ್ದು ಅಡಿಗೆಮನೆಗೆ ಹೋದಳು. ಹೋಗುತ್ತಾ, ‘ಸರಿ ಮಾಡಿ. ನಾನೂ ಬತ್ತೀನಿ ಪಟ್ಣಕ್ಕೆ. ನನ್ ಬಳೆ ಎಂಗ್ ಓಡ್ತವೆ ನೋಡ್ಬೇಕು’ ಎಂದಳು. ನನ್ನ ಬಳೆ! ಕಾಲಿಡುವುದಿಲ್ಲ ಎಂದವಳು! ನಾನು ನಾಲ್ಕನೆಯದಕ್ಕೆ ಅರ ಹಾಕಿದ ಉತ್ಸಾಹದಲ್ಲಿ ಊಟ ಆರಿಹೋಯಿತು.

ಶ್ರೀರಂಗಪಟ್ಟಣದಲ್ಲಿ ಇಲಿಯಾಸ್ ಬಳೆಗಳನ್ನು ಕೈಗೆ ತೆಗೆದುಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದ. ‘ಇದನ್ನ ಒಳಗೆ ಮುಚ್ಚಿಡಕ್ಕೆ ಮನಸ್ ಬರಕ್ಕಿಲ್ಲ ಆಚಾರ್ರೇ’ ಎಂದ. ಹಬ್ಬಿನ ಮೇಲೆ ಬಳೆ, ಬಳೆಯ ಮೇಲೆ ಚಕ್ರ. ಅಂಗೈಯಿಂದ ಒಂದು ತಟ್ಟು ತಟ್ಟಿದಾಗ ಚಕ್ರ ‘ಟಕ್’ ಎಂದು ಕೂತಿತು. ಆ ಸದ್ದು ಎಷ್ಟೋ ಒಡವೆಗಳ ಕೊಂಡಿ ಕೂರಿಸಿದ ನನ್ನ ಕಿವಿಗೆ ಗೊತ್ತು. ಗಿರಿಜ ಮುಂದೆ, ಇಲಿಯಾಸ್ ಹಿಂದೆ, ನಾನು ಸ್ಟೀರಿಂಗಿಗೆ. ಹೆದ್ದಾರಿಗೆ ಬಂದೆವು. ನಡುಕ ಶುರುವಾಗುತ್ತಿದ್ದ ವೇಗ ಬಂದಾಗ ಮೂವರೂ ಉಸಿರು ಹಿಡಿದೆವು. ಏನೂ ಆಗಲಿಲ್ಲ. ಇನ್ನೂ ಏರಿಸಿದೆ. ಸ್ಟೀರಿಂಗು ಮಲಗಿದ ಮಗುವಿನ ಹಾಗೆ ಕೈಯಲ್ಲಿತ್ತು. ‘ವಾಹ್!’ ಎಂದು ಇಲಿಯಾಸ್ ನನ್ನ ಬೆನ್ನಿಗೆ ಗುದ್ದಿದ. ಗಿರಿಜ ಕಿಟಕಿಯಿಂದ ತಲೆ ಹೊರಗೆ ಹಾಕಿ, ಓಡುವ ಚಕ್ರದಲ್ಲಿ ಏನು ಕಂಡಳೋ, ‘ಪಟ್ಣಕ್ಕೆ ಬಂದಿದ್ದಾಯ್ತು. ಅಂಗೇ ನಾಗಮಂಗ್ಲಕ್ಕೆ ಓಡ್ಸಿ’ ಎಂದಳು.

ಇಲಿಯಾಸನನ್ನು ಇಳಿಸಿ ನಾಗಮಂಗಲಕ್ಕೆ ಹೋದೆವು. ನಂಜುಂಡ ಅಂಗಡಿಯಿಂದ ಹೊರಗೆ ಬಂದು ನಗಲು ಬಾಯಿ ತೆರೆಯುವ ಮೊದಲೇ ಗಿರಿಜ ಅವನನ್ನು ಕಾರಿಗೆ ಹತ್ತಿಸಿದಳು, ಕೈಗೆ ತುಂಬಿದ ಚಾ ಲೋಟ ಕೊಟ್ಟಳು, ‘ಓಡ್ಸಿ’ ಎಂದಳು. ಊರಾಚೆಯ ನೇರ ರಸ್ತೆಯಲ್ಲಿ ಹೋಗಿ ಬಂದೆವು. ಒಂದು ತೊಟ್ಟು ತುಳುಕಲಿಲ್ಲ. ಅವನು ಇಳಿದು ಚಕ್ರದ ಮುಂದೆ ಕೂತು, ‘ಏನ್ ಮಾಡುದ್ರಿ ಭಾವ?’ ಎಂದು ಮೆತ್ತಗೆ ಕೇಳಿದ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಿರಿಜ, ‘ನಿಮ್ ಭಾವ ಕಡಗ ಮಾಡವ್ರೆ ಕಣ್ಲಾ ಅದುಕ್ಕೆ, ಅವ್ರ್ ಕೈಲೇ. ಇಂಥದ್ ಮಾಡೋರು ಈ ನಾಕ್ ತಾಲ್ಲೂಕಲ್ಲಿ ಯಾರವ್ರೆ ಯೋಳು ನೋಡುಮಾ’ ಎಂದಳು. ನನ್ನ ಕೆಲಸದ ಬಗ್ಗೆ ಅವಳ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಅವತ್ತು ಊರಿಗೆ ಬರುವಾಗ ನನಗೆ ರಸ್ತೆಯೇ ಕಾಣಲಿಲ್ಲ, ಪದ್ಮಿನಿಯೇ ದಾರಿ ನೋಡಿಕೊಂಡು ಬಂದಳು.

ಈಗ ಹಳೇ ಕಾರಿನ ಹುಚ್ಚರು ಮೈಸೂರಿನಿಂದಲೂ ನನ್ನ ಅಂಗಡಿ ಹುಡುಕಿಕೊಂಡು ಬರುತ್ತಾರೆ. ಉಂಗುರದ ಅಳತೆಗೆ ಬೆರಳು ಚಾಚುವ ಬದಲು ಚಕ್ರ ಉರುಳಿಸಿಕೊಂಡು ಬರುತ್ತಾರೆ. ಇಷ್ಟೆಲ್ಲ ಹೆಸರು ಬಂದ ಮೇಲೆ ಹೆಂಡತಿಯ ಕೈಯಲ್ಲಿ ಗಾಜಿನ ಬಳೆ ಬಿಟ್ಟು ಬೇರೇನೂ ಇಲ್ಲದಿರುವುದು ನನ್ನ ಕಣ್ಣಿಗೇ ಚುಚ್ಚಿತು. ಈ ಸಲ ಗೌರಿ ಹಬ್ಬಕ್ಕೆ ಯಾರಿಗೂ ಹೇಳದೆ ಒಂದು ಜೊತೆ ಚಿನ್ನದ ಬಳೆ ಮಾಡಿದೆ. ಬಳ್ಳಿ ಕೆತ್ತನೆ, ನಡುವೆ ಸಣ್ಣ ಕೆಂಪು ಹರಳು. ಬಾಗಿನದ ಮೊರದ ಪಕ್ಕ ಇಟ್ಟು, ಎದೆ ಉಬ್ಬಿಸಿ ನಿಂತೆ. ಗಿರಿಜ ಕೈಗೆ ಹಾಕಿಕೊಂಡಳು. ತಿರುಗಿಸಿದಳು. ಬೆಳಕಿಗೆ ಹಿಡಿದಳು. ಒಳಸುತ್ತಿನಲ್ಲಿ ಹೆಬ್ಬೆರಳು ಆಡಿಸಿದಳು. ಅವಳ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ, ಸುಳ್ಳಲ್ಲ.

‘ಚೆಂದಾಗವೆ ಕಣ್ರೀ’ ಎಂದಳು. ಆಮೇಲೆ ಇನ್ನೊಂದು ಸಲ ಹೆಬ್ಬೆರಳು ಆಡಿಸಿ, ಸ್ವಲ್ಪ ಯೋಚಿಸಿ ಹೇಳಿದಳು: ‘ಆದ್ರೂ ಕಾರಿನ್ವು ಇದುಕ್ಕಿಂತ ನುಣುಪಾಗಿದ್ವು.’

ನಾನು ಬಳೆಗಳನ್ನು ವಾಪಸು ಇಸಿದುಕೊಂಡು ಅರ ಹುಡುಕಲು ಹೋದೆ. ಅವಳು ಹೇಳಿದ್ದು ನಿಜವಾಗಿತ್ತು.